ಒಂದು ವಾರಕ್ಕೆ ಕೊಟ್ಟ ಬೀಗದ ಕೈ

ತರಬೇತಿಯ ಮೊದಲ ದಿನ ಮುಗಿಸಿ ಬಂದ ಸಂಜೆಯೇ ಲಸಿಕೆ ಫ್ರಿಜ್ಜಿನ ಬೀಗದ ಕೈಯನ್ನು ಗಿಣಿಗೆ ಕೊಟ್ಟೆ. ನಮ್ಮ ಆರೋಗ್ಯ ಕೇಂದ್ರದ ಕಿರಿಯ ನರ್ಸ್ ಅವಳು. ಬಾಯಿಗೆ ಬಿಡುವಿಲ್ಲದ್ದರಿಂದ ಆ ಹೆಸರು. ಹನ್ನೊಂದು ವರ್ಷದಿಂದ ಕೇಂದ್ರದ ಉಸ್ತುವಾರಿ ನನ್ನದಾಗಿದ್ದರೂ ನಾಯಕತ್ವದ ಪಾಠ ಯಾರೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದ ಮೇಡಂ ಹೋಮ್‌ವರ್ಕ್ ಕೊಟ್ಟಿದ್ದರು: ಬೇರೆಯವರಿಗೆ ಮುಟ್ಟಲು ಬಿಡದ ಕೆಲಸವೊಂದನ್ನು ವಾರದ ಮಟ್ಟಿಗೆ ಒಪ್ಪಿಸಬೇಕು, ನಡುವೆ ಮೂಗು ತೂರಿಸಬಾರದು, ಆಮೇಲೆ ಎಲ್ಲರೆದುರು ಹೇಳಬೇಕು.

"ನಂಗಾ ಅಕ್ಕ? ಜ್ವರ ಗಿರ ಇದೆಯಾ ನೋಡ್ಲಾ?" ಎಂದು ಗಿಣಿ ನನ್ನ ಹಣೆ ಮುಟ್ಟಿದಳು.

ಕೆಲಸ ದೊಡ್ಡದಲ್ಲ. ದಿನಕ್ಕೆರಡು ಸಲ ಫ್ರಿಜ್ಜಿನೊಳಗಿನ ಥರ್ಮಾಮೀಟರ್ ನೋಡಿ ಬಾಗಿಲ ಮೇಲಿನ ಹಾಳೆಯಲ್ಲಿ ಡಿಗ್ರಿ ಬರೆಯುವುದು. ಎರಡರಿಂದ ಎಂಟರೊಳಗಿದ್ದರೆ ಲಸಿಕೆ ಕ್ಷೇಮ. ಆದರೂ ಕೋಟಿನ ಜೇಬು ಹಗುರವಾದ ಮೇಲೆ ನನಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನಾನಿಲ್ಲದೆಯೂ ನಡೆಯುತ್ತದೆ ಎಂದಾದರೆ ನಾನೇಕೆ? ಮನೆಯಲ್ಲಿ ನಮ್ಮವರು ಮಡಿಚಿಟ್ಟ ಟವೆಲುಗಳನ್ನು ಬಿಡಿಸಿ ಮತ್ತೆ ಮಡಿಚಿದೆ. ಬೀಗದ ಕೈ ಬಿಟ್ಟ ಸಿಟ್ಟನ್ನು ಟವೆಲಿನ ಮೇಲೆ ತೀರಿಸಬೇಡ ಎಂದು ಅವರು ನಕ್ಕರು.

ಆರನೇ ದಿನ ತಡೆಯಲಾಗದೆ, ಹತ್ತಿ ಹುಡುಕುವ ನೆಪದಲ್ಲಿ ಲಸಿಕೆ ಕೋಣೆಗೆ ಹೋದೆ. ಹಾಳೆಯ ಮೇಲ್ಭಾಗದಲ್ಲಿ ನನ್ನ ಸಾಲು: ನಾಲ್ಕು, ನಾಲ್ಕು, ನಾಲ್ಕು. ಅದರ ಕೆಳಗೆ ಗಿಣಿಯ ದುಂಡು ಅಕ್ಷರದಲ್ಲಿ ಆರು, ಏಳು, ಐದು, ಏಳು. ಗಿಣಿಯನ್ನು ಕೂಗಿ ಕರೆದೆ. ಬಾಗಿಲು ತೆರೆದಿಟ್ಟು ಹರಟೆ ಹೊಡೆದಿದ್ದೀಯ, ನನ್ನ ಕೈಯಲ್ಲಿ ಒಂದು ದಿನವೂ ನಾಲ್ಕು ದಾಟಿರಲಿಲ್ಲ ಎಂದು ಗದರಿದೆ. ಕೈ ಚಾಚಿ ಬೀಗದ ಕೈಯನ್ನೂ ಕೇಳಿದೆ.

ಗಿಣಿ ಫ್ರಿಜ್ ತೆರೆದು ಥರ್ಮಾಮೀಟರ್ ತೋರಿಸಿದಳು. ಕನ್ನಡಕ ಹಾಕದೆ ನನಗೆ ಗೆರೆಗಳೇ ಕಾಣಲಿಲ್ಲ. ಹಾಕಿಕೊಂಡೆ. ಏಳು.

ಬಾಗಿಲಿನ ರಬ್ಬರ್ ಕೆಳಮೂಲೆಯಲ್ಲಿ ಸೀಳಿದೆ, ಮೊದಲ ದಿನವೇ ಕಂಡಿತು, ಮೆಕ್ಯಾನಿಕ್ ನಾಳೆ ಬರುತ್ತಾನೆ ಎಂದಳು. ಆಮೇಲೆ ಮೆಲ್ಲಗೆ, "ಯಾವಾಗ್ಲೂ ನಾಲ್ಕರಲ್ಲೇ ನಿಲ್ಲೋ ಫ್ರಿಜ್ ಇರುತ್ತಾ ಅಕ್ಕ?"

ಅಷ್ಟು ಕೆಳಗೆ ಬಗ್ಗಿ ನಾನು ನೋಡಿ ಎಷ್ಟು ಕಾಲವಾಗಿತ್ತೋ. ಬಾಗಿಲು ತೆಗೆಯುತ್ತಿದ್ದೆ, ತಂಪು ಮುಖಕ್ಕೆ ಬಡಿಯುತ್ತಿತ್ತು, ಕೈ ತಾನಾಗಿ ನಾಲ್ಕು ಬರೆಯುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಮರುದಿನ ತರಬೇತಿಯ ಹಾಲ್‌ನಲ್ಲಿ ಒಬ್ಬೊಬ್ಬರೂ ತಮ್ಮ ಕಿರಿಯರನ್ನು ಹೇಗೆ ತಿದ್ದಿದೆವೆಂದು ಹೇಳಿದರು. ನನಗೂ ಸುಲಭದ ದಾರಿಯಿತ್ತು: ಹುಡುಗಿ ಚೆನ್ನಾಗಿ ಮಾಡಿದಳು ಎಂದು ಕೂತುಬಿಡಬಹುದಿತ್ತು. ಆದರೂ ನಾಲ್ಕುಗಳ ಕತೆಯನ್ನು ಪೂರ್ತಿ ಹೇಳಿದೆ.

ಹಿಂದಿನ ಬೆಂಚಿನಿಂದ ನನಗಿಂತ ಹಿರಿಯ ನರ್ಸೊಬ್ಬರು ಕೆಮ್ಮಿದರು.

"ನಮ್ಮಲ್ಲಿ ಐದು ಬರೀತೀವಮ್ಮ."

ಮೇಡಂ ಕೂಡ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಅವರು ನಿಜವಾದ ಪಾಠ ಶುರುಮಾಡಿದರು, ಯಾರೂ ಆಕಳಿಸಲಿಲ್ಲ.

ನಾನು ಕೇಂದ್ರಕ್ಕೆ ಮರಳುವಷ್ಟರಲ್ಲಿ ಹೊಸ ರಬ್ಬರ್ ಕೂತಿತ್ತು. ವಾರ ಮುಗಿಯಿತು ಎಂದು ಗಿಣಿ ಬೀಗದ ಕೈ ನೀಡಿದಳು. ನಾನು ಕನ್ನಡಕ ಏರಿಸಿ, ಮಂಡಿಯೂರಿ, ಒಳಗೆ ನೋಡಿದೆ.

"ಮೂರು," ಎಂದೆ.

"ಛೆ, ಇನ್ನೊಂದಿದ್ರೆ ನಿಮ್ಮ ಮಾತು ಉಳೀತಿತ್ತು."

"ಮೂರೇ ಬರಿಯೇ. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ," ಎಂದು ಅವಳ ಭುಜ ಹಿಡಿದು ಎದ್ದೆ.