ನೇರ ಬೆನ್ನಿನ ಮರಿಗಳು

ಬೆಳಿಗ್ಗೆ ಎದ್ದು ನೋಡಿದರೆ, ಮಹಡಿ ಮೇಲಿನ ಸಿಮೆಂಟ್ ತೊಟ್ಟಿಯಲ್ಲಿ ಮತ್ತೊಂದು ತಾಯಿ ಮೀನು ಸತ್ತು ತೇಲುತ್ತಿತ್ತು. ಅದರ ಹೊಟ್ಟೆ ತುಂಬ ಮರಿಗಳಿದ್ದವು. ಸೊಸೆ ಅದನ್ನು ಬಲೆಯಲ್ಲಿ ಎತ್ತಿಟ್ಟು ತಲೆ ಮೇಲೆ ಕೈ ಹೊತ್ತು ಕೂತಳು.

ಅವಳು ಸಾಕಿ ಮಾರುತ್ತಿದ್ದದ್ದು ಬಲೂನ್ ಮೀನು. ಗಾಜಿನ ಪೆಟ್ಟಿಗೆಯಲ್ಲಿ ಚಂದಕ್ಕೆ ಇಡುತ್ತಾರಲ್ಲ, ಅದು. ಮೊಟ್ಟೆಯಿಡದೆ ಮರಿಯನ್ನೇ ಹೆರುವ ಜಾತಿ. ಉಂಡೆಯಂಥ ಮೈ, ಗೂನು ಬೆನ್ನು, ಪುಟ್ಟ ಬಾಲ. ಅಂಗಡಿಯವನಿಗೆ ಎಷ್ಟು ಕೊಟ್ಟರೂ ಸಾಲದು. ನೀರು ಬದಲಿಸಿದ್ದಾಯಿತು, ಔಷಧಿ ಹಾಕಿದ್ದಾಯಿತು. ಹೆರುವ ಹೊತ್ತಿಗೆ ತಾಯಂದಿರು ಸಾಯುವುದು ಮಾತ್ರ ನಿಲ್ಲಲಿಲ್ಲ.

ಬಟ್ಟೆ ಒಣಹಾಕಲು ಬಂದ ಅತ್ತೆ, ಸೊಸೆ ಮರಿಗಳನ್ನು ಆರಿಸುವುದನ್ನೇ ನೋಡುತ್ತ ನಿಂತರು. ಗೂನು ಬೆನ್ನಿನವು ಒಂದು ಬಕೆಟ್ಟಿಗೆ, ನೇರ ಬೆನ್ನಿನವು ಇನ್ನೊಂದಕ್ಕೆ.

“ಈ ನೆಟ್ಟಗಿರೋವು ಯಾರಿಗೆ?”

“ಅವು ಬೇಡದವು ಅತ್ತೆ. ದೊಡ್ಡ ಮೀನಿಗೆ ತಿಂಡಿ.”

“ಅಲ್ಲ ಕಣೇ, ನೆಟ್ಟಗೆ ಈಜೋದು ಬೇಡ, ಒದ್ದಾಡಿಕೊಂಡು ಈಜೋದು ಬೇಕು. ಇದ್ಯಾವ ಲೆಕ್ಕ?”

“ಕೊಳ್ಳೋರಿಗೆ ಅದೇ ಮುದ್ದು.”

ಅಂದಳೇನೋ ಸರಿ, ಆದರೆ ಅತ್ತೆಯ ಮಾತು ಅವಳ ತಲೆ ಕೊರೆಯತೊಡಗಿತು. ಅದೇ ವಾರ ಅಂಗಡಿಯವನು, ನೀಲಿ ದೀಪ ಹಾಕಿದರೆ ಹಸಿರಾಗಿ ಹೊಳೆಯುವ ಮೀನಿನ ಜೋಡಿ ಕಳಿಸುತ್ತೇನೆ, ಮರಿ ಮಾಡಿಸಿಕೊಡು ಎಂದ. ಇವೂ ಹೀಗೇ ನರಳಿದರೆ ಎಂದು ಅವಳಿಗೆ ಒಳಗೊಳಗೇ ದಿಗಿಲು. ತಾಯಂದಿರ ಸಾವು, ಈ ಹೊಳೆಯುವ ಮೀನು, ಎರಡನ್ನೂ ಕೇಳಿಬಿಡೋಣ ಎಂದು ಮೀನುಗಾರಿಕೆ ಕಚೇರಿಯ ಡಾಕ್ಟರಮ್ಮನನ್ನು ಮನೆಗೆ ಕರೆದಳು.

ಡಾಕ್ಟರಮ್ಮ ಅಂದೇ ಸತ್ತಿದ್ದ ಇನ್ನೊಂದು ತಾಯಿ ಮೀನನ್ನು ಸೀಳಿ ತೋರಿಸಿದರು.

“ನಿಮ್ಮ ನೀರಲ್ಲಿ ತಪ್ಪಿಲ್ಲ. ಬೆನ್ನುಮೂಳೆ ಹೇಗೆ ಮುದುರಿದೆ ನೋಡಿ. ಕರುಳು, ಮರಿ ಎಲ್ಲ ಇಷ್ಟೇ ಜಾಗದಲ್ಲಿ ಒತ್ತರಿಸಿಕೊಂಡಿರಬೇಕು. ಹೆರೋದಾದ್ರೂ ಹೇಗೆ?”

“ಅದು ಹುಟ್ಟಿದ್ದೇ ಹಾಗೆ ಡಾಕ್ಟರೇ. ನಾನೇನು ಬಗ್ಗಿಸಿದ್ನಾ?”

“ಬಗ್ಗಿಸಿಲ್ಲ, ಆರಿಸಿದ್ದೀರಿ. ಹಿಂದೆ ಯಾರೋ ಗೂನು ಮೀನನ್ನೇ ಆರಿಸಿ ಜೋಡಿ ಮಾಡಿದ್ರು. ಅದರ ಮರೀಲಿ ಇನ್ನೂ ಗೂನಾದ್ದನ್ನ ಆರಿಸಿದ್ರು. ಹೀಗೇ ನಿಮ್ಮ ತೊಟ್ಟಿವರೆಗೆ ಬಂತು.”

ಸೊಸೆ ನೇರ ಬೆನ್ನಿನ ಮರಿಗಳ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು, “ಹಾಗಾದ್ರೆ ಆ ಹೊಳೆಯೋ ಮೀನಿನ ಪಾಡು ಇನ್ನೂ ಕಷ್ಟ ಅಲ್ವ? ಅದನ್ನ ಲ್ಯಾಬಲ್ಲಿ ಮಾಡಿದ್ದಂತೆ.”

“ಹೊಳಪಿನಿಂದ ಅದಕ್ಕೆ ನೋವಾಗುತ್ತೆ ಅಂತ ನಾನು ಹೇಳಲಾರೆ. ಬೇರೆ ಮೀನಿನ ಹಾಗೇ ಈಜುತ್ತೆ, ತಿನ್ನುತ್ತೆ. ಅದರ ಹಿಂದಿನ ಯಾವುದೋ ತಲೆಮಾರಿನ ಮೊಟ್ಟೇಲಿ, ಕಡಲಲ್ಲಿ ಹೊಳೆಯೋ ಜೆಲ್ಲಿ ಮೀನಿನಂಥ ಜೀವಿಯ ವಂಶವಾಹಿ ಸೇರಿಸಿದ್ರು. ಅಪ್ಪನ ಮೂಗು ಮಗನಿಗೆ ಬರುತ್ತಲ್ಲ, ಹಾಗೆ ಹೊಳಪು ಮರಿಗೂ ಬರುತ್ತೆ.”

“ನಮ್ಮೆಜಮಾನರ ಮೂಗು ನನ್ನ ಮಕ್ಕಳಿಗೆಲ್ಲ ಬಂತು, ಯಾವ ಲ್ಯಾಬಿಗೂ ಹೋಗಲಿಲ್ಲ,” ಅಂದರು ಅತ್ತೆ. ಡಾಕ್ಟರಮ್ಮನಿಗೂ ನಗು ತಡೆಯಲಿಲ್ಲ.

“ಆದ್ರೆ ಅದು ಕೆರೆ ಸೇರಿದ್ರೆ ಅಲ್ಲಿನ ಮೀನಿಗೆ ಏನಾಗುತ್ತೋ, ಪೂರ್ತಿ ಗೊತ್ತಿಲ್ಲ. ಸಾಕೋಕೆ ಪರವಾನಗಿ ಇದೆಯಾ ಅಂತಾನೂ ವಿಚಾರಿಸಿ. ಮೀನು ಲ್ಯಾಬಿಂದ ಬರಲಿ, ತೊಟ್ಟಿಯಿಂದ ಬರಲಿ, ಈ ಚಂದಕ್ಕೆ ಅದು ಏನು ತೆರಬೇಕು ಅಂತ ಮೊದಲು ಕೇಳ್ಕೊಳ್ಳಿ.”

“ಹಾಗಾದ್ರೆ ನೇರ ಬೆನ್ನಿನದನ್ನೇ ಸಾಕಬೇಕಾ? ಅದನ್ನ ಯಾರು ತಗೋತಾರೆ? ನಮ್ಮ ಹೊಟ್ಟೆಪಾಡು?”

“ಎಲ್ರೂ ತಗೋತಾರೆ ಅನ್ನಲ್ಲ. ಬಣ್ಣ ನೋಡಿ ಆರಿಸಿ. ಕಪ್ಪು, ಬೆಳ್ಳಿ, ಕಿತ್ತಳೆ. ಬಣ್ಣ ಬರೋಕೆ ಮೂಳೆ ಬಗ್ಗಬೇಕಾಗಿಲ್ಲ.”

ಸೊಸೆ ಬಲೂನ್ ಮೀನುಗಳಲ್ಲಿ ಗಂಡು ಹೆಣ್ಣನ್ನು ಬೇರೆ ಮಾಡಿದಳು, ಮತ್ತೆ ಬಸಿರಾಗದೆ ಇರುವಷ್ಟು ದಿನ ಚೆನ್ನಾಗಿರಲಿ ಅಂತ. ನೇರ ಬೆನ್ನಿನ ಮರಿಗಳನ್ನು ದೊಡ್ಡ ತೊಟ್ಟಿಗೆ ಬಿಟ್ಟಳು. ಪರವಾನಗಿ ಇಲ್ಲವೆಂದು ತಿಳಿದಾಗ ಹೊಳೆಯುವ ಜೋಡಿ ಬೇಡವೆಂದಳು. ಅಂಗಡಿಯವನು ಮುಖ ಊದಿಸಿಕೊಂಡ. ನೇರ ಬೆನ್ನಿನ ಮೀನನ್ನು ಮೊದಲು ಕೊಳ್ಳುತ್ತಿದ್ದುದರ ಅರ್ಧದಷ್ಟೇ ಕೊಂಡ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯ ಆ ತುದಿಯಿಂದ ಈ ತುದಿಗೆ ಮೀನುಗಳು ಪಂದ್ಯ ಕಟ್ಟಿದಂತೆ ಓಡಾಡುವುದನ್ನು ಕಂಡ ಗಿರಾಕಿಗಳು ಇಂಥದ್ದೇ ಬೇಕು ಎನ್ನತೊಡಗಿದರು. ತೊಟ್ಟಿಯಲ್ಲಿ ಉಳಿದ ಮರಿಗಳು ಬೆಳೆದು ತಾಯಾದವು. ಮೊದಲ ಹೆರಿಗೆಯ ದಿನ ಅತ್ತೆ ಸೊಸೆ ಇಬ್ಬರೂ ಒಲೆ ಮರೆತು ತೊಟ್ಟಿಗೆ ಬಗ್ಗಿ ನಿಂತಿದ್ದರು. ತಾಯಿ ಮೀನು ಹೆತ್ತು, ಏನೂ ಆಗಿಲ್ಲವೆಂಬಂತೆ ಆಹಾರಕ್ಕೆ ಬಾಯಿ ಹಾಕಿತು.

ನೀವೂ ಮನೆಗೆ ಮೀನು ತರಬೇಕೆಂದಿದ್ದೀರಾ? ಅಂಗಡಿಯಲ್ಲಿ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದು ಸಲೀಸಾಗಿ ಈಜುತ್ತಿದೆಯಾ, ಎದುರಿಗೆ ಬಿದ್ದ ಆಹಾರ ಅದಕ್ಕೆ ಸಿಗುತ್ತಿದೆಯಾ ನೋಡಿ. ಮೈ ಯಾಕೆ ಹೀಗಿದೆ, ಹೊಳಪು ಎಲ್ಲಿಂದ ಬಂತು ಎಂದು ಸಂಕೋಚವಿಲ್ಲದೆ ಕೇಳಿ. ಸಾಕಿದ ಯಾವ ಮೀನನ್ನೂ ಕೆರೆಗೋ ಚರಂಡಿಗೋ ಬಿಡಬೇಡಿ. ನೀವು ಯಾವುದನ್ನು ಕೊಳ್ಳುತ್ತೀರೋ, ಎಲ್ಲೋ ಒಂದು ತೊಟ್ಟಿಯ ಪಕ್ಕ ಕೂತವರು ಅದನ್ನೇ ಆರಿಸುತ್ತಾರೆ.