ತಲೆಗೆ ಎರಡು ಬಕೆಟ್

"ಮನೇಲಿ ಎಷ್ಟು ಜನ ಸ್ನಾನ ಮಾಡ್ತೀರಿ?" ಎಂದು ಶ್ರೀನಿ ಅಂಕಲ್ ಗಂಭೀರವಾಗಿ ಕೇಳಿದರು. ಕೈಯಲ್ಲಿ ಪೆನ್ನು, ಮುಂದೆ ನೋಟ್‌ಬುಕ್, ಪಕ್ಕದಲ್ಲಿ ನಾನು ಕರಿದುಕೊಟ್ಟ ಈರುಳ್ಳಿ ಬಜ್ಜಿ. ಅವರನ್ನು ನಮ್ಮ ಯಜಮಾನರು ಕರೆಸಿದ್ದು ಮನೆ ಬೆಚ್ಚಗಿಡುವ ಬಾಯ್ಲರ್ ಯಾವುದು ತರಬೇಕು ಎಂದು ಸಲಹೆ ಕೇಳಲಿಕ್ಕೆ.

"ಇಬ್ಬರೇ ಅಂಕಲ್," ಎಂದರು ಇವರು, ಅಂದರೆ ನನ್ನ ಗಂಡ ಅಮರೇಶ್ವರ.

"ಈಗ ಇಬ್ಬರು. ಬೇಸಿಗೇಲಿ ಅಪ್ಪ ಅಮ್ಮ ಬರ್ತಾರೆ. ಅತ್ತೆ ಮಾವ ಬರ್ತಾರೆ. ಒಂದು ಹತ್ತು ಜನ ಅಂತ ಇಟ್ಕೊ. ತಲೆಗೆ ಎರಡು ಬಕೆಟ್."

ಅವರು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಎಂದು ಬರೆದು ಅಡಿಗೆರೆ ಎಳೆದರು. ನಮ್ಮ ಇವರು ತಲೆದೂಗಿದರು. ಅಯ್ಯೋ ದೇವರೇ, ಅಲ್ಲೇ ಕೂತು ತಲೆ ಚಚ್ಚಿಕೊಳ್ಳೋಣ ಅನ್ನಿಸಿತು ನನಗೆ.

ಇದು ನಡೆದದ್ದು ಎರಡು ಸಾವಿರದ ಒಂಬತ್ತರ ಅಕ್ಟೋಬರ್‌ನಲ್ಲಿ. ನ್ಯೂಜರ್ಸಿಯ ಎಡಿಸನ್‌ನಲ್ಲಿ ಸಾಲ ಕಟ್ಟಲಾಗದೆ ಬೀದಿಗೊಂದರಂತೆ ಮನೆಗಳು ಬ್ಯಾಂಕಿನ ಪಾಲಾಗುತ್ತಿದ್ದ ಕಾಲ. ಹಾಗೆ ಬ್ಯಾಂಕಿನ ಪಾಲಾದ ಒಂದನ್ನು ನಾವು ಅಗ್ಗಕ್ಕೆ ಕೊಂಡಿದ್ದೆವು. ಮನೆ ಕಳೆದುಕೊಂಡವರು ಹೋಗುವಾಗ ಸಿಟ್ಟಿಗೆ ಬೇಸ್‌ಮೆಂಟಿನ ಬಾಯ್ಲರನ್ನೇ ಕಿತ್ತುಕೊಂಡು ಹೋಗಿದ್ದರು. ಅವರನ್ನು ನಾನು ಬೈಯಲಾರೆ, ನಾನಾಗಿದ್ದರೆ ಬಾಗಿಲನ್ನೂ ಬಿಡುತ್ತಿರಲಿಲ್ಲ. ಇವರು ಕೆಲಸಕ್ಕಿದ್ದ ಜರ್ಸಿ ಸಿಟಿಯ ಆಫೀಸಿನಲ್ಲಿ ಅಕ್ಕಪಕ್ಕದ ನಾಲ್ಕು ಕುರ್ಚಿ ಖಾಲಿಯಾಗಿ ಇವರದೊಂದು ಮಾತ್ರ ಉಳಿದಿತ್ತು. ಅದು ಪುಣ್ಯ ಎಂದು ನಾನು ತಿಳಿದಿದ್ದೆ, ಬುದ್ಧಿವಂತಿಕೆ ಎಂದು ಇವರು ತಿಳಿದಿದ್ದರು. ಅಂದಿನಿಂದ ಇವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಓದಿದ್ದು ಮೈಸೂರಿನಲ್ಲಿ, ಮೆಕ್ಯಾನಿಕಲ್ ಇಂಜಿನಿಯರಿಂಗ್. ಮದುವೆಗೆ ಮುಂಚೆ ನಾಲ್ಕು ವರ್ಷ ಅಲ್ಲೇ ಹೆಬ್ಬಾಳದ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಕೆಲಸ. ಹೌದು, ಬಾಯ್ಲರ್ ಕಾರ್ಖಾನೆಯಲ್ಲೇ. ಹೊರಗೆ ಹೋಗುವ ಪ್ರತಿಯೊಂದು ಬಾಯ್ಲರನ್ನೂ ಪರೀಕ್ಷೆ ಮಾಡಿ ಕಾಗದದ ಕೆಳಗೆ ಸಹಿ ಹಾಕುತ್ತಿದ್ದವಳು ನಾನು. ನನ್ನ ಸಹಿಯಿಲ್ಲದೆ ಗೇಟು ದಾಟುವಂತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಎಚ್-ಫೋರ್ ವೀಸಾ, ಗಂಡನ ಹಿಂದೆ ಬಂದ ಹೆಂಡತಿ, ಕೆಲಸ ಮಾಡುವಂತಿಲ್ಲ. ಮೂರು ವರ್ಷದಿಂದ ನಾನು ಸಹಿ ಹಾಕಿದ್ದೆಂದರೆ ಪಾರ್ಸೆಲ್ ತಂದವನ ಕಾಗದಕ್ಕೆ. ಬಾಯ್ಲರ್ ಇಲ್ಲದ ಮನೆ ಕೊಂಡಾಗ, ತಪ್ಪು ತಿಳಿಯಬೇಡಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಈ ಒಂದು ಕೆಲಸದಲ್ಲಾದರೂ ಮನೆಯಲ್ಲಿ ನನ್ನ ಮಾತು ನಡೆಯುತ್ತದೆ, ಇದು ಶೈಲಜಾ ಮಾಡಿದ್ದು ಅಂತ ನಾಲ್ಕು ಜನ ಹೇಳುತ್ತಾರೆ ಎಂದು ಆಸೆಪಟ್ಟಿದ್ದೆ.

ಒಂದು ವಾರ ಕೂತು ಪ್ರತಿ ಕೋಣೆಯ ಗೋಡೆ, ಕಿಟಕಿ, ಸೂರು ಅಳೆದು, ಹೊರಗೆ ಎಷ್ಟು ಚಳಿಯಿದ್ದರೆ ಒಳಗಿನ ಶಾಖ ಎಷ್ಟು ಸೋರುತ್ತದೆ ಎಂದು ಲೆಕ್ಕ ಹಾಕಿದ್ದೆ. ನಾಲ್ಕು ಹಾಳೆ. ಕೊನೆಗೆ ಬಂದ ಉತ್ತರ, ಗಂಟೆಗೆ ಐವತ್ತೆರಡು ಸಾವಿರ ಬಿಟಿಯು. ಇಲ್ಲಿ ಶಾಖವನ್ನು ಅಳೆಯುವುದು ಬಿಟಿಯುವಿನಲ್ಲಿ. ಇವರ ಕೈಗೆ ಕೊಟ್ಟರೆ, ತಿರುವಿ ನೋಡಿ, "ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ. ಯಾವುದಕ್ಕೂ ಶ್ರೀನಿ ಅಂಕಲ್‌ನ ಒಂದು ಮಾತು ಕೇಳೋಣ" ಎಂದು ಡ್ರಾಯರಿಗೆ ಹಾಕಿದ್ದರು.

ಆ ಶ್ರೀನಿ ಅಂಕಲ್ ಇಪ್ಪತ್ತೆರಡು ವರ್ಷದಿಂದ ನ್ಯೂಜರ್ಸಿಯಲ್ಲಿದ್ದಾರೆ, ಅದೊಂದೇ ಅವರ ಅರ್ಹತೆ. ಈಗ ಅವರೇ ಬಕೆಟ್ ಎಣಿಸುತ್ತಿದ್ದರು.

"ಅಂಕಲ್," ಎಂದೆ ನಾನು, ಆದಷ್ಟು ಮೆತ್ತಗೆ, "ಈ ಬಾಯ್ಲರ್ ನೀರು ಸ್ನಾನಕ್ಕಲ್ಲ. ಗೋಡೆ ಬುಡದಲ್ಲಿ ಪೈಪ್ ಇದೆಯಲ್ಲ, ಅದರಲ್ಲಿ ಸುತ್ತಿ ಮನೆ ಬಿಸಿ ಮಾಡಿ ವಾಪಸ್ ಬಾಯ್ಲರಿಗೇ ಹೋಗುತ್ತೆ. ಒಂದು ತೊಟ್ಟೂ ನಲ್ಲಿಗೆ ಬರಲ್ಲ. ಸ್ನಾನದ ನೀರಿಗೆ ಬೇರೆ ಹೀಟರ್ ಇದೆ, ಕೆಳಗಡೆ ಮೂಲೇಲಿ ನಿಂತಿದೆ ನೋಡಿ."

ಅಂಕಲ್ ಬಜ್ಜಿ ಅಗಿಯುವುದನ್ನು ನಿಲ್ಲಿಸಿದರು. "ಬಾಯ್ಲರ್ ಅಂದ್ರೆ ಸ್ನಾನಕ್ಕಲ್ದೆ ಇನ್ಯಾತಕ್ಕಮ್ಮ? ನಮ್ಮೂರಲ್ಲಿ ಬಚ್ಚಲುಮನೇಲಿ ತಾಮ್ರದ್ದು ಇರ್ಲಿಲ್ವ?"

ನಾನು ಇವರ ಮುಖ ನೋಡಿದೆ. ಇವರಿಗೂ ಗೊತ್ತಿರಲಿಲ್ಲ! ಮೂರು ವಾರದಿಂದ ಬಾಯ್ಲರ್ ಬಾಯ್ಲರ್ ಎಂದು ಜಪ ಮಾಡುತ್ತಿದ್ದ ಮನುಷ್ಯನ ತಲೆಯಲ್ಲಿದ್ದದ್ದು ಬಚ್ಚಲುಮನೆ. ಆದರೆ ಒಪ್ಪಿಕೊಂಡರೆ ಗಂಡಸುತನಕ್ಕೆ ಕುಂದಲ್ಲವೇ?

"ಗೊತ್ತಮ್ಮ, ಗೊತ್ತು," ಎಂದರು ಇವರು. "ಅಂಕಲ್ ಎಗ್ಸಾಂಪಲ್ ಕೊಡ್ತಿದಾರೆ ಅಷ್ಟೆ. ದೊಡ್ಡದಿದ್ರೆ ಒಳ್ಳೇದು ಅನ್ನೋದು ಪಾಯಿಂಟು. ನೀನು ಒಂಚೂರು ಕಾಫಿ ಮಾಡು."

ಕಾಫಿ ಮಾಡಿದೆ. ಮಾಡದೆ ಏನು ಮಾಡಲಿ? ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೊರಗೆ ತೀರ್ಮಾನವೂ ಆಗಿತ್ತು.

ಆ ವರ್ಷ ಕಟ್ಟಡ ಕಟ್ಟುವವರು ಅರ್ಧಕ್ಕೆ ಕೈಬಿಟ್ಟು ಓಡುತ್ತಿದ್ದರು. ಯಾರೋ ಬಿಲ್ಡರ್ ಆರು ಮನೆಗಳ ಅಪಾರ್ಟ್‌ಮೆಂಟಿಗೆಂದು ತರಿಸಿದ್ದ ಬಾಯ್ಲರೊಂದು ಡಬ್ಬಿ ಕೂಡ ಒಡೆಯದೆ ಮಾರಾಟಕ್ಕಿತ್ತು. ಎರಡೂವರೆ ಲಕ್ಷ ಬಿಟಿಯು. ನನ್ನ ಲೆಕ್ಕದ ಹೆಚ್ಚುಕಡಿಮೆ ಐದು ಪಟ್ಟು. ಅಂಕಲ್ ಮತ್ತು ಇವರು ಬಾಡಿಗೆ ಟ್ರಕ್ಕಿನಲ್ಲಿ ಹೇರಿಕೊಂಡು ಬಂದರು. ಮದುಮಗಳನ್ನು ಮನೆತುಂಬಿಸಿಕೊಳ್ಳುವ ಉತ್ಸಾಹ ಇಬ್ಬರಿಗೂ. ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಅದು ಇಳಿಯಲೇ ಇಲ್ಲ. ಗ್ಯಾರೇಜಿನಲ್ಲಿ ನಿಲ್ಲಿಸಿದರು. ಕಾರು ಹೊರಗೆ ಮಂಜಿನಲ್ಲಿ ನಿಂತಿತು.

"ರೀ, ಇದು ಇಷ್ಟು ದೊಡ್ಡದಾದ್ರೆ ಒಂದು ನಿಮಿಷ ಉರಿಯುತ್ತೆ, ಆರುತ್ತೆ, ಮತ್ತೆ ಉರಿಯುತ್ತೆ, ಆರುತ್ತೆ. ಬೇಗ ಕೆಟ್ಟುಹೋಗುತ್ತೆ," ಎಂದೆ.

"ನೀನು ಯಾವಾಗ್ಲೂ ನೆಗೆಟಿವ್," ಎಂದರು ಇವರು.

ಮೈಯೆಲ್ಲ ಉರಿಯಿತು. ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ನವೆಂಬರ್ ಮಧ್ಯದ ಹೊತ್ತಿಗೆ ನಾವು ಎರಡು ಸ್ವೆಟರ್, ಎರಡು ಜೊತೆ ಕಾಲುಚೀಲ, ಒಂದು ಪುಟ್ಟ ಕರೆಂಟ್ ಹೀಟರ್ ಹಂಚಿಕೊಂಡು ಸಂಸಾರ ಮಾಡುತ್ತಿದ್ದೆವು.

ಬಾಯ್ಲರ್ ಕೂರಿಸಲು ಲೈಸೆನ್ಸ್ ಇದ್ದವರೇ ಬೇಕು, ಟೌನ್‌ಶಿಪ್ಪಿನ ಪರ್ಮಿಟ್ ಬೇಕು. ಯಾರೋ ಹೇಳಿದರೆಂದು ಈಸ್ಟ್ ಬ್ರನ್ಸ್‌ವಿಕ್‌ನಿಂದ ಕಾಸಿಂ ಸಾಹೇಬರು ಬಂದರು. ಮೈಸೂರಿನ ಮಂಡಿ ಮೊಹಲ್ಲಾದವರು, ಇಲ್ಲಿ ಸ್ವಂತ ಪ್ಲಂಬಿಂಗ್ ಕಂಪನಿ, ನರೆತ ಗಡ್ಡ, ಕಿವಿಯ ಹಿಂದೆ ಪೆನ್ಸಿಲ್. ಗ್ಯಾರೇಜಿನ ಬಾಗಿಲು ಎತ್ತಿ, ಬಾಯ್ಲರಿನ ಸುತ್ತ ಒಂದು ಸುತ್ತು ಹಾಕಿದರು.

"ಸಾರ್, ಇದು ಮನೇಗಾ, ಕಲ್ಯಾಣ ಮಂಟಪಕ್ಕಾ?"

ನಾನು ನಗು ತಡೆಯಲಾರದೆ ಕೆಮ್ಮಿದೆ. ಕಾಸಿಂ ಸಾಹೇಬರು ಖಡಾಖಂಡಿತ ಹೇಳಿಬಿಟ್ಟರು. "ಇದನ್ನ ನಾನು ಹಾಕಲ್ಲ. ನನ್ನ ಲೈಸೆನ್ಸ್ ನಂಬರು ಇದರ ಮೇಲೆ ಬರೆಯಲ್ಲ. ಮನೆಗೆ ಎಷ್ಟು ಬೇಕು ಅಂತ ಯಾರಾದ್ರೂ ಲೆಕ್ಕ ಹಾಕಿದಾರಾ?"

ಇವರು ಒಳಗೆ ಹೋದರು. ಡ್ರಾಯರ್ ಎಳೆದ ಸದ್ದಾಯಿತು. ನನ್ನ ನಾಲ್ಕು ಹಾಳೆ ಹಿಡಿದುಕೊಂಡು ಬಂದು, "ಹಾಕಿದೀನಿ ನೋಡಿ. ನಾನೇ ಕೂತು ಹಾಕ್ದೆ," ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ಅಡಿ ದೂರ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ ಆ ಮನುಷ್ಯ. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕಾಸಿಂ ಸಾಹೇಬರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಎರಡನೇ ಹಾಳೆಯಲ್ಲಿ ನಿಂತರು. "ಸಾರ್, ಅಡುಗೆಮನೆಗೆ ಮಾತ್ರ ಇಷ್ಟೊಂದು ಜಾಸ್ತಿ ಹಾಕಿದೀರಿ. ಯಾಕೆ?"

"ಅದು... ಸೇಫ್ಟಿಗೆ," ಎಂದರು ಇವರು.

"ಇಲ್ಲಿ ಏನೋ ಬರೆದಿದೆ. 'ಒಗ್ಗರಣೆ ಕಿಟಕಿ'. ಏನು ಹಾಗಂದ್ರೆ?"

ಇವರು ಹಾಳೆ ನೋಡಿದರು, ಗ್ಯಾರೇಜಿನ ಸೂರು ನೋಡಿದರು. ಕಾಸಿಂ ಸಾಹೇಬರು ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು.

"ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ," ಎಂದೆ ನಾನು. "ಅದಕ್ಕೆ ಎಷ್ಟೇ ಚಳಿ ಇರ್ಲಿ, ದಿನಕ್ಕೆ ಎರಡು ಸಲ ಕಿಟಕಿ ಪೂರ್ತಿ ತೆಗೀಬೇಕು. ಆ ಶಾಖಾನೂ ಲೆಕ್ಕಕ್ಕೆ ಬರ್ಬೇಕಲ್ವಾ?"

"ಇಪ್ಪತ್ತು ವರ್ಷದಲ್ಲಿ ನಮ್ಮವರ ಮನೆ ಎಷ್ಟೋ ಮಾಡಿದೀನಿ ಮೇಡಂ. ಇದನ್ನ ಲೆಕ್ಕಕ್ಕೆ ಹಿಡಿದೋರನ್ನ ನೋಡಿರ್ಲಿಲ್ಲ." ಅವರು ಹಾಳೆಗಳನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ನನ್ನ ಆಫೀಸಿಗೆ ಇಂಥೋರೇ ಬೇಕು. ಬರ್ತೀರಾ?"

"ಇಲ್ಲ ಇಲ್ಲ, ಅವಳಿಗೆ ವರ್ಕ್ ಪರ್ಮಿಟ್ ಇಲ್ಲ," ಎಂದು ಇವರು ತಕ್ಷಣ ಹೇಳಿದರು. ಅದೊಂದು ಪ್ರಶ್ನೆಗೆ ಮಾತ್ರ ಉತ್ತರ ಬಾಯಿತುದಿಯಲ್ಲಿತ್ತು.

ಎರಡೂವರೆ ಲಕ್ಷ ಬಿಟಿಯುವಿನ ಆ ಮದುಮಗಳು ಬಂದ ದಾರಿಯಲ್ಲೇ ಟ್ರಕ್ ಹತ್ತಿ ಹೋದಳು. ಕಾಸಿಂ ಸಾಹೇಬರು ನನ್ನ ಲೆಕ್ಕಕ್ಕೆ ಸರಿಹೊಂದುವ ಪುಟ್ಟ ಬಾಯ್ಲರ್ ತಂದು ಬೇಸ್‌ಮೆಂಟಿನ ಗೋಡೆಗೆ ತಗುಲಿಸಿ, ಎರಡು ದಿನದಲ್ಲಿ ಕೆಲಸ ಮುಗಿಸಿದರು. ಪೈಪಿನೊಳಗೆ ನೀರು ಓಡಲು ಶುರುವಾದಾಗ ನಾನು ನೆಲದ ಮೇಲೆ ಕೂತು ಗೋಡೆ ಬುಡಕ್ಕೆ ಕೈ ಇಟ್ಟೆ. ಬೆಚ್ಚಗಾಗುತ್ತಾ ಬಂತು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ? ಇವರು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದರು. "ನಾನು ಫುಲ್ ರಿಸರ್ಚ್ ಮಾಡಿ ಚಿಕ್ಕದೇ ಸೆಲೆಕ್ಟ್ ಮಾಡ್ದೆ ಅಂಕಲ್," ಎನ್ನುತ್ತಿದ್ದರು.

ಡಿಸೆಂಬರ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ ಹನ್ನೆರಡು ಜನ ಊಟಕ್ಕೆ ಬಂದರು. ಹೊರಗೆ ಹಿಮ ಸುರಿದಿತ್ತು, ಒಳಗೆ ಎಲ್ಲರೂ ಕೋಟು ಬಿಚ್ಚಿ ಆರಾಮವಾಗಿ ಕೂತಿದ್ದರು. ಆ ಕೋಟುಗಳನ್ನೆಲ್ಲ ಬೇಸ್‌ಮೆಂಟ್ ಮೆಟ್ಟಿಲ ಬಾಗಿಲ ಪಕ್ಕದ ಮೊಳೆಗಳಿಗೆ ನಾನೇ ತೂಗುಹಾಕಿದ್ದೆ. ಶ್ರೀನಿ ಅಂಕಲ್ ಹೆಂಡತಿ ಚಿತ್ರಾ ಆಂಟಿ, "ಮನೆ ಎಷ್ಟು ಹಿತವಾಗಿದೆ ಶೈಲಾ. ನಮ್ಮನೇಲಿ ಒಂದು ಕೋಣೆ ಸುಡುತ್ತೆ, ಇನ್ನೊಂದು ಫ್ರಿಜ್ಜು," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಇವರು ಶುರುಮಾಡಿದರು. ಗೋಡೆ, ಕಿಟಕಿ, ಸೂರು, ಸೋರುವ ಗಾಳಿ. ಎಲ್ಲ ನನ್ನದೇ ಮಾತು. "ಜನ ಏನು ಮಿಸ್ ಮಾಡ್ತಾರೆ ಗೊತ್ತಾ? ಒಗ್ಗರಣೆ ಕಿಟಕಿ! ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ."

ಮದುವೆಯಾಗಿ ಮೂರು ವರ್ಷ. ಸಾಸಿವೆ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಮಹಾನುಭಾವ ಒಗ್ಗರಣೆಯ ಮೇಲೆ ಭಾಷಣ ಮಾಡುತ್ತಿದ್ದಾರೆ, ಹನ್ನೆರಡು ಜನ ತಲೆದೂಗುತ್ತಿದ್ದಾರೆ. ನಾನು ಎದ್ದೆ. ಕೋಟುಗಳ ಹಿಂದೆ ಗೋಡೆಯಲ್ಲಿ, ತುರ್ತಿಗೆ ಬಾಯ್ಲರ್ ಆರಿಸಲೆಂದು ಇಟ್ಟ ಕೆಂಪು ಸ್ವಿಚ್ ಇತ್ತು. ಆರಿಸಿದೆ. ಪಾಯಸ ತಂದು ಬಡಿಸಿದೆ.

ನೀರಿನ ಶಾಖ ಥಟ್ಟನೆ ಇಳಿಯುವುದಿಲ್ಲ. ಊಟವಾಗಿ, ಎಲೆಅಡಿಕೆಯಾಗಿ, ಮನೆಗಳ ಬೆಲೆ ಎಷ್ಟು ಬಿತ್ತು ಎಂಬ ಮಾತೂ ಆಯಿತು. ಆಮೇಲೆ ಚಿತ್ರಾ ಆಂಟಿ ಸೆರಗು ಹೊದ್ದರು. ಒಬ್ಬರು ಎದ್ದು ಕೋಟು ತಂದರು. ಇನ್ನೊಬ್ಬರು ತಂದರು. ಇವರು ಥರ್ಮೋಸ್ಟಾಟ್ ತಿರುವಿದರು, ಬೇಸ್‌ಮೆಂಟಿಗೆ ಇಳಿದರು, ಹತ್ತಿದರು, ಮತ್ತೆ ಇಳಿದರು. ಅಷ್ಟು ಹೊತ್ತಿಗೆ ಮೊಳೆಗಳೆಲ್ಲ ಖಾಲಿಯಾಗಿ ಗೋಡೆಯ ಮೇಲೆ ಕೆಂಪು ಸ್ವಿಚ್ ಒಂದೇ ಬೋಳಾಗಿ ಕಾಣುತ್ತಿತ್ತು. ಇವರು ಅದರ ಪಕ್ಕದಲ್ಲೇ ನಾಲ್ಕು ಸಲ ಓಡಾಡಿದರು.

"ಲೆಕ್ಕ ಹಾಕಿದೋನು ನೀನೇ ಅಲ್ವೇನೋ, ನೋಡೋ," ಎಂದರು ಶ್ರೀನಿ ಅಂಕಲ್, ಮಂಕಿ ಟೋಪಿ ಎಳೆದುಕೊಳ್ಳುತ್ತಾ.

ಕೊನೆಗೆ ಇವರು ಕಾಸಿಂ ಸಾಹೇಬರಿಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಕಾಸಿಂ ಸಾಹೇಬರ ದನಿ ಇಡೀ ಹಾಲಿಗೆ ಕೇಳಿಸಿತು. "ನನ್ಯಾಕೆ ಕೇಳ್ತೀರಿ ಸಾರ್? ಲೆಕ್ಕ ಹಾಕಿದ ಇಂಜಿನಿಯರು ಮನೇಲೇ ಇದಾರಲ್ಲ. ಮೇಡಂನ ಕೇಳಿ."

ಹನ್ನೆರಡು ಜನ ಮೊದಲು ಫೋನ್ ನೋಡಿದರು, ಆಮೇಲೆ ಇವರನ್ನು, ಆಮೇಲೆ ನನ್ನನ್ನು. ನಾನು ಕೂತಲ್ಲಿಂದ ಏಳಲಿಲ್ಲ.

"ಶೈಲಾ..." ಎಂದರು ಇವರು.

"ಏನ್ರೀ?"

"ಒಂಚೂರು ನೋಡು."

"ಯಾರು ಹಾಕಿದ ಲೆಕ್ಕ ಅಂತ ಹೇಳಿ, ನೋಡ್ತೀನಿ."

ಇವರ ಕಿವಿ ಕೆಂಪಾಯಿತು. ಚಳಿಗೋ, ನಾಚಿಕೆಗೋ, ಎರಡಕ್ಕೂ ಇರಬೇಕು. "ನೀನು ಹಾಕಿದ್ದು," ಎಂದರು ನೆಲ ನೋಡುತ್ತಾ.

"ಅಂಕಲ್‌ಗೆ ಕೇಳಿಸ್ಲಿಲ್ಲ. ಟೋಪಿ ಹಾಕ್ಕೊಂಡಿದಾರೆ."

"ಲೆಕ್ಕ ಶೈಲಜಂದು," ಎಂದರು ಇವರು, ಈ ಸಲ ಗಟ್ಟಿಯಾಗಿ. "ಪೂರ್ತಿ ಅವಳದ್ದೇ. ನನಗೇನೂ ಗೊತ್ತಿರ್ಲಿಲ್ಲ."

ನಾನು ಎದ್ದು ಹೋಗಿ ಸ್ವಿಚ್ ಒತ್ತಿ ಬಂದೆ. ಕೆಳಗೆ ಬಾಯ್ಲರ್ ಉಸ್ಸೆಂದು ಹೊತ್ತಿಕೊಂಡಿತು. ಶ್ರೀನಿ ಅಂಕಲ್ ಚೇತರಿಸಿಕೊಳ್ಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಹಂಗಾದ್ರೆ ಶೈಲಾ, ನಮ್ಮನೇದೂ ಒಂದು ಲೆಕ್ಕ ಹಾಕ್ಕೊಟ್ಟುಬಿಡಮ್ಮ. ಹೆಂಗೂ ಮನೇಲಿ ಫ್ರೀಯಾಗೇ ಇರ್ತೀಯಲ್ಲ."

"ಬರ್ತೀನಿ ಅಂಕಲ್," ಎಂದೆ. "ಮುಂದಿನ ಶನಿವಾರ. ಹಾಳೆ ಮೇಲೆ ನನ್ನ ಹೆಸರಿರುತ್ತೆ, ಕೆಳಗೆ ನನ್ನ ಸಹಿ ಇರುತ್ತೆ. ಇವರೂ ಬರ್ತಾರೆ."

"ಅಮರ್ ಯಾಕಮ್ಮ?"

"ಅಳತೆ ಟೇಪಿನ ಆ ತುದಿ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ ಅಂಕಲ್."

ಚಿತ್ರಾ ಆಂಟಿ ಮೊದಲು ನಕ್ಕರು. ಇವರು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. "ಎಷ್ಟು ಗಂಟೆಗೆ ಹೊರಡ್ಬೇಕು?" ಎಂದು ಕೇಳಿದರು.