ಸತ್ಯಭಾಮಮ್ಮನ ಗೋಡೆಯ ನೀಲಿ ಗೆರೆ

ಅರೆಕೆರೆಯ ಆ ತಗ್ಗಿನ ಬೀದಿಯಲ್ಲಿ ಮೋಡ ಕಪ್ಪಾದರೆ ಜನ ಆಕಾಶ ನೋಡುವುದಿಲ್ಲ, ರಾಜಕಾಲುವೆಯನ್ನು ಇಣುಕಿ ನೋಡುತ್ತಾರೆ. ಮೇಲಿನ ಲೇಔಟುಗಳ ನೀರೆಲ್ಲ ಇಳಿದು ಬರುವುದು ಅಲ್ಲಿಗೇ. ಹಳೆಯ ಹಾಸಿಗೆ, ಒಡೆದ ಕಮೋಡು, ಮನೆ ಕೆಡವಿದ ಮಣ್ಣು, ಎಲ್ಲವನ್ನೂ ಅದರೊಳಗೆ ಸುರಿದು ಕೈ ತೊಳೆದುಕೊಳ್ಳುವ ಪುಣ್ಯಾತ್ಮರಿಗೂ ಕೊರತೆಯಿಲ್ಲ. ಹೋದ ವರ್ಷ ಕಾಲುವೆ ಕಟ್ಟಿಕೊಂಡು, ಒಂದೇ ಸಂಜೆಯ ಮಳೆಗೆ ಬೀದಿ ಮುಳುಗಿತು.

ಸತ್ಯಭಾಮಮ್ಮ ಇರುವುದು ಮಹಡಿಯಲ್ಲಿ. ಕೆಳಗಿನ ಮನೆ ಬಾಡಿಗೆಗೆ. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆಯಿಂದಲೇ ಅವರ ಜೀವನ. ಆಗ ಕೆಳಗಿದ್ದವರು ಪಾರ್ವತಮ್ಮ ಎಂಬ ಒಂಟಿ ಹೆಂಗಸು, ವಯಸ್ಸಾದವರು. ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಾಗದೆ ಅಡುಗೆಕಟ್ಟೆ ಹತ್ತಿ ನಿಂತಿದ್ದರು. ಬೀದಿಯ ಹುಡುಗರು ಕಿಟಕಿ ಕಿತ್ತು ಹೊರತಂದು, ಗಣೇಶನ ಹಬ್ಬದ ಊಟಕ್ಕೆ ಅನ್ನ ಬೇಯಿಸುವ ಕೊಪ್ಪರಿಗೆಯಲ್ಲಿ ಅವರನ್ನು ಕೂರಿಸಿ, ತಳ್ಳಿಕೊಂಡು ದಿಬ್ಬ ಸೇರಿಸಿದರು. ಪಾರ್ವತಮ್ಮ ಬದುಕಿದರು. ಈಗ ಉತ್ತರಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕೆಳಗಿನ ಮನೆ ಅಂದಿನಿಂದ ಖಾಲಿ.

ಈ ವರ್ಷ ಬೀದಿಯ ಮಹಿಳಾ ಸಂಘದವರು ಆ ಕಥೆಯನ್ನು ಗೋಡೆಯ ಮೇಲೆ ಬರೆಸಲು ಹೊರಟರು. ತಿರುವಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಸತ್ಯಭಾಮಮ್ಮನ ಕಾಂಪೌಂಡ್ ಗೋಡೆ. ಸಂಘದ ತಿಮ್ಮಕ್ಕ, ಚಿತ್ರ ಬರೆಯುವ ಮೈತ್ರಿಯನ್ನು ಕರೆದುಕೊಂಡು ಬಂದಳು.

"ನವಿಲು ಬರೀರಿ, ಕಮಲ ಬರೀರಿ, ಬೇಡ ಅಂದೋರ್ಯಾರು? ನೀರು ನುಗ್ಗಿದ್ದನ್ನ ಊರಿಗೆಲ್ಲ ಸಾರಿದ್ರೆ ನನ್ನ ಮನೆಗೆ ಬಾಡಿಗೆಗೆ ಯಾರು ಬರ್ತಾರೆ ತಿಮ್ಮಕ್ಕ?" ಎಂದರು ಸತ್ಯಭಾಮಮ್ಮ.

"ನವಿಲು ನೋಡಿ ಯಾರೂ ಕಾಲುವೆಗೆ ಕಸ ಹಾಕೋದು ಬಿಡಲ್ಲ ಭಾಮಮ್ಮ. ಇಲ್ಲಿ ಇಷ್ಟೆತ್ತರ ನೀರು ನಿಂತಿತ್ತು ಅಂತ ಕಂಡ್ರೆ ಒಂದ್ಸಲ ಯೋಚ್ನೆ ಮಾಡ್ತಾರೆ. ಹೊಸದಾಗಿ ಬಂದೋರಿಗೂ ಗೊತ್ತಾಗುತ್ತೆ. ಕಾಗದ ಪತ್ರ ಎಲ್ಲಿಡ್ಬೇಕು, ಸ್ವಿಚ್ ಬೋರ್ಡ್ ಎಷ್ಟು ಮೇಲಿರ್ಬೇಕು, ನೀರು ಬರೋ ಸೂಚನೆ ಕಂಡ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ ಮೇಲೆ ಹೋಗ್ಬೇಕು ಅಂತ."

"ನಿಮ್ಮ ಒಪ್ಪಿಗೆ ಇಲ್ದೆ ಏನೂ ಬರಿಯಲ್ಲ ಆಂಟಿ," ಎಂದಳು ಮೈತ್ರಿ.

ತಿಮ್ಮಕ್ಕ ಹಿಡಿದದ್ದನ್ನು ಬಿಡುವ ಪೈಕಿಯವಳಲ್ಲ. ದಿನಾ ಬಂದು ಕೂತಳು. ಕೊನೆಗೆ ಸತ್ಯಭಾಮಮ್ಮ ಒಪ್ಪಿದರು, ಆದರೆ ಸೊಪ್ಪು ಕೊಳ್ಳುವಾಗ ಮಾಡುವಂಥ ಚೌಕಾಸಿ ಮಾಡಿಯೇ. ನೀರಿನ ಗೆರೆ ಎಲ್ಲಿಗೆ ಎಳೆಯಲಿ ಎಂದು ಮೈತ್ರಿ ಕೇಳಿದಾಗ ಅವರು ಮೊಣಕಾಲು ತೋರಿಸಿದರು.

"ಕುತ್ತಿಗೆ ಮಟ್ಟ ಬಂದಿತ್ತಲ್ಲ," ಎಂದಳು ತಿಮ್ಮಕ್ಕ.

"ಮೊಣಕಾಲು ಸಾಕು. ಗೋಡೆ ನಂದು."

"ಆಯ್ತು, ನಿಮ್ಮ ಗೋಡೆ, ನಿಮ್ಮಿಷ್ಟ. ಆದ್ರೆ ನೀರು ಚೌಕಾಸಿಗೆ ಬಗ್ಗಲ್ಲ ಭಾಮಮ್ಮ."

ಮೈತ್ರಿ ಒಲ್ಲದ ಮನಸ್ಸಿನಿಂದಲೇ ಬರೆದಳು. ಚಿತ್ರವೇನೋ ಸೊಗಸಾಗಿ ಬಂತು. ಕೊಪ್ಪರಿಗೆಯಲ್ಲಿ ಪಾರ್ವತಮ್ಮ, ತಳ್ಳುತ್ತಿರುವ ಹುಡುಗರು, ಪಕ್ಕದಲ್ಲಿ ಕಸ ತುಂಬಿದ ಕಾಲುವೆ. ಕೆಳಗೆ, ಮೊಣಕಾಲಿನ ಎತ್ತರಕ್ಕೆ, ಒಂದು ನೀಲಿ ಗೆರೆ. ಹಾದುಹೋಗುವವರು ನಕ್ಕರು. "ಇಷ್ಟು ನೀರಿಗೆ ಕೊಪ್ಪರಿಗೆ ಯಾಕ್ ಬೇಕಿತ್ತು? ಅಜ್ಜಿ ಸೀರೆ ಎತ್ಕೊಂಡು ನಡ್ಕೊಂಡೇ ಬರ್ಬೋದಿತ್ತು." ಸತ್ಯಭಾಮಮ್ಮ ಮಹಡಿಯಲ್ಲಿ ನಿಂತು ಕೇಳಿಸಿಯೂ ಕೇಳಿಸದವರಂತಿದ್ದರು.

ಭಾನುವಾರ ಜ್ಯೋತ್ಸ್ನಾ ಎಂಬಾಕೆ ಮನೆ ನೋಡಲು ಬಂದಳು. ಕಂಕುಳಲ್ಲಿ ಮಗು. ಗಂಡನಿಗೆ ರಾತ್ರಿ ಪಾಳಿ, ಹೆಚ್ಚಿನ ರಾತ್ರಿ ಮನೆಯಲ್ಲಿ ತಾಯಿ ಮಗು ಇಬ್ಬರೇ. ಮನೆಯ ಗಾಳಿ ಬೆಳಕು ಹಿಡಿಸಿತು, ಅಡ್ವಾನ್ಸ್ ಕೊಡಲೂ ತಯಾರಾದಳು. ಹೊರಡುವಾಗ ಗೋಡೆಯ ಮುಂದೆ ನಿಂತು ಗೆರೆ ನೋಡಿದಳು.

"ನೀರು ಬಂದಿದ್ದು ಇಷ್ಟೇನಾ ಆಂಟಿ? ಹಾಗಾದ್ರೆ ಪರವಾಗಿಲ್ಲ. ನಮ್ದು ಎತ್ತರದ ಮಂಚ. ಮಗೂನ ಅದರ ಮೇಲೆ ಮಲಗಿಸಿದ್ರೆ ಭಯ ಇಲ್ಲ."

ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ನೀರು ನುಗ್ಗಿದ ಆ ಸಂಜೆ ಪಾರ್ವತಮ್ಮನ ಮಂಚ ಕೋಣೆಯೊಳಗೆ ತೇಲಾಡುತ್ತಿದ್ದುದನ್ನು ಸತ್ಯಭಾಮಮ್ಮ ಮಹಡಿಯ ಮೆಟ್ಟಿಲಲ್ಲಿ ನಿಂತು ಕಣ್ಣಾರೆ ಕಂಡವರು. ಮಗು ಅವರ ಬಳೆ ಹಿಡಿದು ಎಳೆಯುತ್ತಿತ್ತು. ಈ ಕೂಸನ್ನು ತಾನೇ ನೀರಿಗೆ ತಳ್ಳುತ್ತಿದ್ದೇನಲ್ಲ ಎನಿಸಿ ಅವರಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

"ಇಲ್ಲಮ್ಮ. ಆ ಗೆರೆ ಸುಳ್ಳು," ಎಂದರು. "ಬಾಡಿಗೆ ಹೋಗ್ಬಿಡುತ್ತೆ ಅಂತ ನಾನೇ ತಗ್ಗಿಸಿ ಎಳೆಸ್ದೆ. ನೀರು ಬಂದಿದ್ದು ಇಲ್ಲಿಗೆ." ಕೈಯನ್ನು ಕುತ್ತಿಗೆಗೆ ಇಟ್ಟು ತೋರಿಸಿದರು.

ಜ್ಯೋತ್ಸ್ನಾ ಮಗುವನ್ನು ಅವಚಿಕೊಂಡಳು. "ಹೇಳಿದ್ದು ಒಳ್ಳೇದಾಯ್ತು ಆಂಟಿ. ನಾವು ಬೇರೆ ಕಡೆ ಮಹಡಿ ಮನೇನೇ ನೋಡ್ತೀವಿ," ಎಂದು ಹೊರಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಸತ್ಯಭಾಮಮ್ಮನಿಗೆ ಸಂಕಟವಾಗದೆ ಇರಲಿಲ್ಲ. ಆದರೂ ಅಂದೇ ಮೈತ್ರಿಗೆ ಫೋನ್ ಮಾಡಿದರು. "ಬಣ್ಣ ತಗೊಂಡು ಬಾಮ್ಮ, ಗೆರೆ ಸರಿ ಮಾಡ್ಬೇಕು." ಮಾರನೆಯ ದಿನ ಗೋಡೆಗೆ ಬೆನ್ನು ಕೊಟ್ಟು ತಾವೇ ನಿಂತರು. ಮೈತ್ರಿ ಅವರ ಕುತ್ತಿಗೆಯ ಸಮಕ್ಕೆ ಗೆರೆ ಎಳೆದಳು.

ಕೆಳಗಿನ ಮನೆಯಲ್ಲಿ ಈಗ ತಿರುಮಲೇಶನ ಟೈಲರ್ ಅಂಗಡಿ ಇದೆ. ಬಟ್ಟೆಯೆಲ್ಲ ಗೆರೆಗಿಂತ ಮೇಲಿನ ಹಲಗೆಗಳಲ್ಲಿ. ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ. ಬಾಡಿಗೆ ಮೊದಲಿಗಿಂತ ಕಡಿಮೆಯೇ, ಸುಳ್ಳೇಕೆ. ಮೊನ್ನೆ ಕಾಲುವೆಗೆ ಮಣ್ಣು ಸುರಿಯಲು ಬಂದ ಟೆಂಪೋದವನನ್ನು ಸತ್ಯಭಾಮಮ್ಮನೇ ತಡೆದರು. "ಬಾಪ್ಪ, ಈ ಗೋಡೆಗೆ ಒರಗಿ ನಿಂತ್ಕೋ. ಗೆರೆ ನಿನಗೆ ಎಲ್ಲಿ ಬರುತ್ತೆ ನೋಡ್ಕೋ." ಅವನು ನೋಡಿಕೊಂಡ. ಟೆಂಪೋ ತಿರುಗಿಸಿಕೊಂಡು ಹೋದ.

ನಿಮ್ಮ ಬೀದಿಯಲ್ಲೂ ನೀರು ನಿಂತದ್ದುಂಟೇ? ಕಣ್ಣಾರೆ ಕಂಡವರು ನಿಮ್ಮ ನಡುವೆ ಇರುವಾಗಲೇ ಕೇಳಿ ತಿಳಿದುಕೊಳ್ಳಿ. ಮನೆಯ ಒಡೆಯರನ್ನು ಒಪ್ಪಿಸಿ, ಗೋಡೆಯ ಮೇಲೆ ಬರೆಸಿ. ಅದರ ಮೇಲೆ ಪೋಸ್ಟರ್ ಅಂಟಿಸಲು ಬಿಡಬೇಡಿ. ಕಾಲುವೆಗೆ ಕಸ ಹಾಕಬೇಡಿ, ಹಾಕುವವರನ್ನು ನೋಡಿ ಸುಮ್ಮನಿರಬೇಡಿ. ಗೆರೆಯನ್ನು ಮಾತ್ರ ನೀರು ನಿಂತಿದ್ದ ಎತ್ತರಕ್ಕೇ ಎಳೆಸಿ. ಅದನ್ನು ನಂಬಿ ಯಾರೋ ತಮ್ಮ ಮಗುವನ್ನು ಮಲಗಿಸುತ್ತಾರೆ.